ಎರಡನೇ ಆಲ್ಬಮ್ಮಿನ ಮುದುಕ

ಪೋಸ್ಟ್‌ಮ್ಯಾನ್ ಆ ಪೊಟ್ಟಣವನ್ನು ಅಕ್ಕನ ಕೈಗೆ ಕೊಡಲಿಲ್ಲ. ನಾನೇ ಸಹಿ ಮಾಡಬೇಕೆಂದು ಹೇಳಿ, ಜಗಲಿಯ ಮೇಲೆ ಕೂತು ನೀರು ಕುಡಿದು, ನಾನು ಟೈಪಿಂಗ್ ಕ್ಲಾಸಿನಿಂದ ಬರುವವರೆಗೂ ಕಾದಿದ್ದ.

"ಬಾರಪ್ಪಾ ಫಾರಿನ್ ಸಾಹೇಬ, ಸೈನ್ ಹಾಕು. ಒಳ್ಗೆ ಗಲಗಲ ಅಂತೈತೆ. ಏನ್ಲಾ ಅದು, ಬಿಸ್ಕತ್ತಾ?"

"ಕ್ಯಾಸೆಟ್ಟು."

"ಸಮುದ್ರ ದಾಟ್ಕಂಡು ಕ್ಯಾಸೆಟ್ಟಾ? ನಮ್ ಬಸ್ ಸ್ಟ್ಯಾಂಡಾಗೆ ಬೇಕಾದಷ್ಟು ಅವಲ್ಲೋ!"

"ಇಲ್ಲಿರೋದು ಒಂದೂ ಆಗಕಿಲ್ಲ ಇವನಿಗೆ," ಎಂದಳು ಅಕ್ಕ, ಒಳಗಿನಿಂದಲೇ. "ಊಟ ಒಂದು ಬುಟ್ಟು."

ಅದು ೧೯೮೬ರ ಜುಲೈ ತಿಂಗಳ ಒಂದು ಗುರುವಾರ. ನನಗೆ ಇಪ್ಪತ್ತು ತುಂಬಿತ್ತು. ನಮ್ಮದು ಪಾವಗಡ ತಾಲ್ಲೂಕಿನ ಬಲಸಮುದ್ರದಲ್ಲಿ ಕುರಿ ಸಾಕುವ ಮನೆ. ನಾನೊಬ್ಬ ಪಿಯುಸಿವರೆಗೆ ಓದಿದವನು ಎಂದು ಅಪ್ಪ ನನ್ನನ್ನು ಮಧುಗಿರಿಯಲ್ಲಿ ಅಕ್ಕ ಭಾವನ ಮನೆಯಲ್ಲಿ ಬಿಟ್ಟಿದ್ದರು. ಭಾವ ತಾಲ್ಲೂಕು ಕಚೇರಿಯಲ್ಲಿ ಅಟೆಂಡರ್. ಬೆಳಿಗ್ಗೆ ಒಂದು ಗಂಟೆ ಟೈಪಿಂಗ್ ಕಲಿಯುವುದು, ಆಮೇಲೆ ಕೆಲಸದ ಕರೆ ಬಂದೀತೆಂದು ಕಾಯುವುದು, ಇಷ್ಟೇ ನನ್ನ ದಿನ. ಜೊತೆಗೆ ಓದಿದವರು ತುಮಕೂರಿಗೆ, ಹಿಂದೂಪುರಕ್ಕೆ ಚದುರಿದ್ದರು. ಹೈಸ್ಕೂಲಿನಿಂದಲೂ ಡೈರಿ ಬರೆಯುವ ಅಭ್ಯಾಸ ನನಗಿದೆ. ಆ ವರ್ಷ ಪ್ರತಿ ಪುಟದ ಕೊನೆಗೆ, ಮನೆಯವರನ್ನು ಬಿಟ್ಟು ಆ ದಿನ ಎಷ್ಟು ಜನರ ಜೊತೆ ಮಾತಾಡಿದೆ ಎಂದು ಬರೆದಿಡುತ್ತಿದ್ದೆ. ಹೆಚ್ಚಿನ ಪುಟಗಳಲ್ಲಿ ಒಂದು ಎಂದಿದೆ. ಕೆಲವುಗಳಲ್ಲಿ ಸೊನ್ನೆ.

ಫಿನ್ಲೆಂಡಿನ ಗೆಳೆಯ ಸಿಕ್ಕಿದ್ದು ಕಾಲೇಜಿನಲ್ಲಿ. ಇಂಗ್ಲಿಷ್ ಮೇಷ್ಟ್ರು ಒಂದು ದಿನ ಪೆನ್ ಫ್ರೆಂಡ್ ಫಾರಮ್ಮುಗಳನ್ನು ತಂದು ಹಂಚಿದರು. ಪರದೇಶದ ಹುಡುಗಿಯರ ವಿಳಾಸ ಬರುತ್ತದೆಂದು ಇಡೀ ಕ್ಲಾಸು ತುಂಬಿ ಕಳಿಸಿತು. ನನಗೆ ಬಂದದ್ದು ಒಬ್ಬ ಹುಡುಗನ ವಿಳಾಸ. ಚಿಕ್ಕ ಊರು, ಕಾಗದದ ಮಿಲ್ಲಿನಲ್ಲಿ ಕೆಲಸ, ಸಂಜೆ ಒಂದು ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಾನೆ. ಉಳಿದವರ ಪತ್ರಗಳು ಎರಡು ಮೂರು ಸಲಕ್ಕೆ ನಿಂತುಹೋದವು. ನಮ್ಮದು ನಿಲ್ಲಲಿಲ್ಲ. ಇಬ್ಬರದೂ ಪುಸ್ತಕದಲ್ಲಿ ಕಲಿತ ಇಂಗ್ಲಿಷ್ ಆದ್ದರಿಂದ ತಪ್ಪು ಬರೆಯಲು ಇಬ್ಬರಿಗೂ ನಾಚಿಕೆಯಿರಲಿಲ್ಲ. ನಾನು ನಮ್ಮ ಬಂಡೆಬೆಟ್ಟದ ಬಗ್ಗೆ, ಬೇಸಿಗೆಯಲ್ಲಿ ಅದು ರಾತ್ರಿಯೂ ಬಿಸಿ ಬಿಡುವುದರ ಬಗ್ಗೆ ಬರೆದೆ. ಅವನು ಮಧ್ಯಾಹ್ನ ಮೂರಕ್ಕೇ ಕತ್ತಲಾಗುವುದರ ಬಗ್ಗೆ ಬರೆದ. ಎರಡು ವರ್ಷದಲ್ಲಿ ಅವನಿಗೆ ಹೇಳಿದಷ್ಟನ್ನು ನಾನು ಬೇರೆ ಯಾರಿಗೂ ಹೇಳಿರಲಿಲ್ಲ.

ಪೊಟ್ಟಣದಲ್ಲಿದ್ದದ್ದು ಅವನ ಬ್ಯಾಂಡಿನ ಎರಡನೇ ಆಲ್ಬಮ್. ನಮ್ಮಲ್ಲಿ ರೆಕಾರ್ಡ್ ಹಾಕುವ ಯಂತ್ರವಿಲ್ಲವೆಂದು ನಾನು ಬರೆದಿದ್ದರಿಂದ ಕ್ಯಾಸೆಟ್ಟಿಗೆ ತುಂಬಿ ಕಳಿಸಿದ್ದ. ಅವರ ಸಂಗೀತಕ್ಕೆ ಹಾರ್ಡ್‌ಕೋರ್ ಪಂಕ್ ಅನ್ನುತ್ತಾರಂತೆ. ಕೋಪ ಬಂದ ಹುಡುಗರು ಗಿಟಾರು ಡ್ರಮ್ಮು ಇಟ್ಟುಕೊಂಡು ಕೂಗುವುದು, ಹಾಡು ಒಂದೆರಡು ನಿಮಿಷದಲ್ಲಿ ಮುಗಿಯುವುದು ಎಂದು ವಿವರಿಸಿದ್ದ. ಜೊತೆಗಿದ್ದ ಹಾಳೆಯಲ್ಲಿ ಪ್ರತಿ ಹಾಡಿಗೆ ಒಂದು ಸಾಲಿನ ಅರ್ಥ. ಒಂದು ಹಾಡು ಮಿಲ್ಲಿನ ಸೈರನ್ ಬಗ್ಗೆ, ಒಂದು ಸೈನ್ಯದ ಕರೆ ಬಗ್ಗೆ, ಇನ್ನೊಂದು ಯಾರೂ ಇಳಿಯದ ಬಸ್ ನಿಲ್ದಾಣದ ಬಗ್ಗೆ. ಕೆಳಗೆ ಅವನು ಬರೆದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ:

ಮೊದಲನೇ ಆಲ್ಬಮ್ಮನ್ನು ಯೋಚಿಸದೆ ಮಾಡಿದೆವು, ಎಲ್ಲರೂ ಕೊಂಡರು. ಎರಡನೆಯದನ್ನು ತುಂಬಾ ಯೋಚಿಸಿ ಮಾಡಿದೆವು, ಯಾರಿಗೂ ಬೇಡವಾಯಿತು. ಎರಡು ಪೆಟ್ಟಿಗೆ ರೆಕಾರ್ಡು ನನ್ನ ಮಂಚದ ಕೆಳಗಿವೆ. ಇಲ್ಲಿಯವರು ಚೆನ್ನಾಗಿದೆ ಅನ್ನುತ್ತಾರೆ, ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ. ನೀನು ನಿಜ ಹೇಳು. ನನಗೆ ಸುಳ್ಳು ಹೇಳುವ ಅಗತ್ಯ ನಿನಗಿಲ್ಲ.

ಅಗತ್ಯವಿತ್ತು. ಹಿಡಿಸಲಿಲ್ಲ ಎಂದು ಬರೆದರೆ ಅವನ ಪತ್ರಗಳು ನಿಲ್ಲಬಹುದು. ಹಿಡಿಸಿತು ಎಂದು ಸುಳ್ಳು ಬರೆದರೆ ಅವನಿಗೆ ಗೊತ್ತಾಗುತ್ತದೆ, ಆಗಲೂ ನಿಲ್ಲುತ್ತವೆ. ಉಳಿದದ್ದು ಒಂದೇ ದಾರಿ. ಅದು ನನಗೆ ನಿಜವಾಗಿಯೂ ಹಿಡಿಸಬೇಕು. ಕೇಳುವುದಕ್ಕೆ ಮೊದಲೇ ನಾನು ಅಷ್ಟು ಹೆದರಿದ್ದೆ.

ಕ್ಯಾಸೆಟ್ ಕೇಳಲು ನನಗಿದ್ದ ಜಾಗವೂ ಒಂದೇ, ಬಸ್ ನಿಲ್ದಾಣದ ಹಿಂದಿನ ರೆಕಾರ್ಡಿಂಗ್ ಅಂಗಡಿ. ಜನ ಖಾಲಿ ಕ್ಯಾಸೆಟ್ಟು ಮತ್ತು ಹಾಡಿನ ಪಟ್ಟಿ ಕೊಟ್ಟು ಹೋಗುತ್ತಿದ್ದರು, ಸಂಜೆಯೊಳಗೆ ಅಂಗಡಿಯವನು ತುಂಬಿಸಿಟ್ಟಿರುತ್ತಿದ್ದ. ಅವನು ಸಿರಾದವನು. ಹೆಂಡತಿ ಮಕ್ಕಳು ಸಿರಾದಲ್ಲೇ ಇದ್ದರು, ಇವನು ವಾರವೆಲ್ಲ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ. ನಾನು ಅವನನ್ನು ಭಾಯ್ ಅನ್ನುತ್ತಿದ್ದೆ. ನನ್ನ ಡೈರಿಯ ಆ ಒಂದು ಎಂಬ ಅಂಕಿ ಹೆಚ್ಚಿನ ದಿನ ಇವನೇ.

ಆವತ್ತು ಅಂಗಡಿಯಲ್ಲಿ ಕೊರಟಗೆರೆ ಕಡೆಯ ಯಜಮಾನರೊಬ್ಬರು ತಮ್ಮ ಊರಿನ ನಾಟಕದ ಕ್ಯಾಸೆಟ್ಟಿಗಾಗಿ ಕಾಯುತ್ತಿದ್ದರು. ಭಾಯ್ ನನ್ನ ಕ್ಯಾಸೆಟ್ಟನ್ನು ಟೇಪ್ ಡೆಕ್ಕಿಗೆ ಹಾಕಿ ಗುಂಡಿ ಒತ್ತಿದ. ತಗಡಿನ ಮೇಲೆ ಕಲ್ಲಿನ ಮಳೆ ಬಿದ್ದಂತಾಯಿತು. ಅದರ ನಡುವೆ ಒಂದು ದನಿ, ಬಾಯಿ ಸುಟ್ಟುಕೊಂಡವರ ಹಾಗೆ.

ಯಜಮಾನರು ಟವೆಲ್ ಕೊಡವಿ ಎದ್ದೇಬಿಟ್ಟರು. "ಏನ್ ಸಾಬ್ರೇ, ಕೋಳಿ ಗೂಡಿಗೆ ಬೆಕ್ಕು ನುಗ್ತಾ?"

"ಕೂತ್ಕಳಿ ಯಜಮಾನ್ರೆ. ಇದು ಸ್ಪೀಡ್ ಆಗ್ಬುಟ್ಟೈತೆ." ಭಾಯ್ ನಿಲ್ಲಿಸಿ ನನ್ನ ಕಡೆ ತಿರುಗಿದ. "ಸೆಲ್ ವೀಕ್ ಇದ್ದಾಗ ತುಂಬವ್ನೆ ನಿನ್ ದೋಸ್ತ. ಇವರ ನಾಟಕದ್ದೂ ಇದೇ ಕತೆ. ರಾಜ ಬಂದು ಗುಬ್ಬಿ ತರ ಚಿಂವ್ ಚಿಂವ್ ಅಂತಿದ್ದ. ಕೇಳು ಬೇಕಾದ್ರೆ."

"ಓ, ನಮ್ ರಾಜನ ಪಾರ್ಟು ಮಾಡಿದ್ದೋನು ನನ್ ತಮ್ಮನೇ," ಎಂದರು ಯಜಮಾನರು. "ಈ ಸಾಬ್ರು ರಿಪೇರಿ ಮಾಡ್ದ ಮ್ಯಾಲೆ ಗಂಡಸಾದ."

ಭಾಯ್ ಹೇಳಿದ್ದು ಅವನ ಕಸುಬಿನ ಅನುಭವ. ಹಳ್ಳಿಗಳಲ್ಲಿ ನಾಟಕವನ್ನೂ ಭಜನೆಯನ್ನೂ ಸೆಲ್ಲು ಹಾಕಿದ ಟೇಪ್ ರೆಕಾರ್ಡರಿನಲ್ಲಿ ಹಿಡಿಯುತ್ತಾರೆ. ಬೆಳಗಿನ ಜಾವದ ಹೊತ್ತಿಗೆ ಸೆಲ್ಲು ಸೊರಗಿ ಟೇಪು ನಿಧಾನವಾಗಿ ತಿರುಗುತ್ತದೆ. ಹಾಗೆ ತುಂಬಿದ್ದನ್ನು ಅಂಗಡಿಯ ಕರೆಂಟಿನ ಡೆಕ್ಕಿಗೆ ಹಾಕಿದರೆ ಎಲ್ಲವೂ ಓಡುತ್ತದೆ, ಗಂಡು ದನಿ ಕೀರಲಾಗುತ್ತದೆ. ಅದಕ್ಕೆ ಭಾಯ್‌ನ ಮದ್ದು ಮೋಟಾರಿನ ಹಿಂದಿನ ಪುಟ್ಟ ತಿರುಪು. ಸಣ್ಣ ಸ್ಕ್ರೂ ಡ್ರೈವರಿನಿಂದ ಅದನ್ನು ತಿರುಗಿಸಿ, ಮನುಷ್ಯನ ದನಿ ಬರುವವರೆಗೆ ವೇಗ ಇಳಿಸಿ, ಆಮೇಲೆ ಬೇರೆ ಕ್ಯಾಸೆಟ್ಟಿಗೆ ತುಂಬಿ ಕೊಡುತ್ತಿದ್ದ. ಸುತ್ತಲ ನಾಲ್ಕು ತಾಲ್ಲೂಕಿನ ಎಷ್ಟೋ ರಾಜರು ಅವನ ಕೈಯಲ್ಲಿ ಗಂಡಸರಾಗಿದ್ದರು.

"ಇದು ಸ್ಟುಡಿಯೋದಾಗೆ ಮಾಡಿರೋದು ಭಾಯ್," ಎಂದೆ.

"ಸ್ಟುಡಿಯೋದಾಗೆ ಮಾಡಿರ್ಬೋದು. ನಿನಗೆ ತುಂಬ್ಸಿರೋದು ಮನೇಲಿ. ಅರೆ ಭಾಯ್, ನೀನೇ ಹೇಳು, ಮನುಷ್ಯನ ಕೈ ಇಷ್ಟ್ ಜೋರಾಗಿ ಆಡ್ತದಾ? ಟೈಲರ್ ಮಿಷನ್ನೂ ಇಂಗೆ ಓಡಕಿಲ್ಲ."

ಅವನು ಮೂಲೆಯಲ್ಲಿದ್ದ ಒಂದು ಹಳೆಯ ಸಣ್ಣ ಟೇಪ್ ಮಿಷನ್ ತಂದು, ಹಿಂಬದಿ ಬಿಚ್ಚಿ, ಕ್ಯಾಸೆಟ್ ಓಡುತ್ತಿದ್ದ ಹಾಗೇ ತಿರುಪು ತಿರುಗಿಸಿದ. ಕಲ್ಲಿನ ಮಳೆ ನಿಧಾನವಾಯಿತು. ಒಂದೊಂದು ಕಲ್ಲೂ ಬೇರೆ ಬೇರೆ ಕೇಳತೊಡಗಿತು. ಕಿರುಚಾಟ ಕೆಳಗಿಳಿದು, ಇನ್ನೂ ಇಳಿದು, ಗಂಟಲು ಕಟ್ಟಿದ ಒಬ್ಬ ಮುದುಕನ ದನಿಯಾಯಿತು.

"ಬಂತು ನೋಡು ಮನುಷ್ಯ," ಎಂದ ಭಾಯ್. "ಪಾಪ, ವಯಸ್ಸಾದವ್ನು. ಈ ಮಿಷನ್ ನಿನಗೇ ಇರ್ಲಿ ಬುಡು. ದಿನಾ ತಿರುಗ್ಸಕ್ಕೆ ನನ್ ಕೈಲಾಗಕಿಲ್ಲ."

ಯಜಮಾನರೂ ತಲೆದೂಗಿದರು. "ಈಗ ಕೇಳಂಗಾಯ್ತು. ಯಾರೋ ಸತ್ತವ್ರೆ ಅನ್ಸುತ್ತೆ ಅವರ ಮನೇಲಿ."

ಅಂದಿನಿಂದ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯ ಹಿಂದಿನ ಕೋಣೆಗೆ ಹೋಗುತ್ತಿದ್ದೆ. ಭಾಯ್‌ನ ಸುತ್ತಿಟ್ಟ ಹಾಸಿಗೆಗೆ ಒರಗಿ ಕೂತು, ಮುಂದಿನ ಡೆಕ್ಕಿನ ಸಿನಿಮಾ ಹಾಡು ಕೇಳಿಸದಷ್ಟು ಮಿಷನ್ನಿಗೆ ಕಿವಿ ಹತ್ತಿರವಿಟ್ಟು ಕೇಳುತ್ತಿದ್ದೆ. ಪ್ರತಿ ಹಾಡು ಎಷ್ಟು ಹೊತ್ತಿನದೆಂದು ಗಡಿಯಾರ ನೋಡಿ ಡೈರಿಯಲ್ಲಿ ಬರೆದುಕೊಂಡೆ. ಯಾವುದನ್ನಾದರೂ ಅರಿಯಬೇಕೆಂದರೆ ಮೊದಲು ಅಳೆಯುವುದು ನನ್ನ ಸ್ವಭಾವ. ಮೊದಲ ವಾರ ಏನೂ ಅನ್ನಿಸಲಿಲ್ಲ. ಡ್ರಮ್ಮು ಯಾರೋ ದೂರದಲ್ಲಿ ಗೂಟ ಹೊಡೆಯುವಂತೆ, ಗಿಟಾರು ಭಾರದ ಲಾರಿ ದಿಬ್ಬ ಹತ್ತುವಂತೆ ಕೇಳುತ್ತಿತ್ತು. ಎರಡನೇ ವಾರ, ಬಸ್ ನಿಲ್ದಾಣದ ಹಾಡಿನಲ್ಲಿ, ಮುದುಕ ಒಂದು ಮಾತನ್ನು ಎಳೆದು ಎಳೆದು ಕರೆದು, ಉತ್ತರಕ್ಕೆ ಕಾದ ಹಾಗೆ ನಿಂತು, ಮತ್ತೆ ಕರೆಯುವುದನ್ನು ಕೇಳಿದೆ.

ಅದು ನಮ್ಮ ತಾತನ ದನಿ. ಸಂಜೆ ಕುರಿಗಳು ಹಟ್ಟಿಗೆ ಬಂದಾಗ ತಾತ ಎಣಿಸುತ್ತಾನೆ. ಒಂದು ಕಡಿಮೆ ಬಂದರೆ ದಿಬ್ಬದ ಮೇಲೆ ನಿಂತು ಕತ್ತಲಿನ ಕಡೆಗೆ ಕರೆಯುತ್ತಾನೆ. ಗದರಿಕೆಯಿಲ್ಲ, ಗಡಿಬಿಡಿಯೂ ಇಲ್ಲ. ಕರೆದು, ನಿಂತು, ಕೇಳಿಸಿಕೊಂಡು, ಮತ್ತೆ ಕರೆಯುತ್ತಾನೆ. ಚಿಕ್ಕವನಿದ್ದಾಗ ಆ ದನಿ ಕೇಳಿದರೆ ನಾನು ಊಟ ಬಿಟ್ಟು ಬಾಗಿಲಿಗೆ ಓಡುತ್ತಿದ್ದೆ. ನಾನು ಮನೆಯೊಳಗೇ ಇದ್ದರೂ ನನ್ನನ್ನೇ ಕರೆದಂತೆ ಅನ್ನಿಸುತ್ತಿತ್ತು.

ಆಮೇಲೆ ನನಗೆ ಆ ಆಲ್ಬಮ್ ಸಾಕೆನಿಸಲೇ ಇಲ್ಲ. ಮಧ್ಯಾಹ್ನಗಳು ಖಾಲಿ ಅನ್ನಿಸುವುದು ನಿಂತಿತು. ಸಂಜೆ ಬೆಟ್ಟದ ಬುಡದ ಬಂಡೆಯ ಮೇಲೆ ಕೂತಾಗಲೂ ಮುದುಕ ಕಿವಿಯಲ್ಲಿ ಹಾಡುತ್ತಿದ್ದ.

"ಏನ್ಲಾ, ಒಬ್ನೇ ಗುನುಗ್ತೀಯ?" ಎಂದು ಅಕ್ಕ ಒಂದು ದಿನ ಕೇಳಿದಳು. "ಹುಡುಗಿ ಗಿಡುಗಿ ಏನಾರಾ...?"

"ಮುದುಕ ಕಣಕ್ಕ."

"ಅದೂ ಸರಿ ಬುಡು. ನಿನ್ ಹಣೇಗೆ ಅಷ್ಟೇ."

ಆಗಸ್ಟಿನಲ್ಲಿ ಪತ್ರ ಬರೆದೆ. ಹಾಡಿಗೊಂದು ಪ್ಯಾರಾದಂತೆ, ಟೈಪಿಂಗ್ ಕ್ಲಾಸಿನಲ್ಲಿ ಬೇರೆಯವರು ಎದ್ದುಹೋದ ಮೇಲೆ ಕೂತು ಟೈಪ್ ಮಾಡಿದೆ. ಒಂದು ಸುಳ್ಳೂ ಇರಲಿಲ್ಲ. ನಿಮ್ಮ ನಿಧಾನ ನನಗೆ ಇಷ್ಟವಾಯಿತು, ಇಷ್ಟು ದುಃಖವನ್ನು ಇಷ್ಟು ಸಾವಧಾನವಾಗಿ ಹಾಡುವವರು ನಮ್ಮಲ್ಲೂ ಕಡಿಮೆ ಎಂದು ಬರೆದೆ. ತಾತನ ವಿಷಯ ಬರೆದೆ. ಕೊನೆಗೆ ಕೇಳಿದೆ: ನಿಮ್ಮ ಜೊತೆ ಹಾಡುವ ಆ ಮುದುಕ ಯಾರು? ಅವರಿಗೆ ಎಷ್ಟು ವಯಸ್ಸು? ಆರೋಗ್ಯವಾಗಿದ್ದಾರೆಯೇ?

ಉತ್ತರ ಬಂದದ್ದು ಅಕ್ಟೋಬರಿನಲ್ಲಿ. ಜಗಲಿಯ ಮೇಲೇ ಒಡೆದು ಓದಿದೆ.

ನಿನ್ನ ಪತ್ರವನ್ನು ಆರು ಸಲ ಓದಿದೆ, ಎಂದು ಬರೆದಿದ್ದ ಗೆಳೆಯ. ನೀನು ತಮಾಷೆ ಮಾಡುವವನಲ್ಲ, ಆದ್ದರಿಂದ ಏನೋ ತಪ್ಪಾಗಿದೆ. ನಮ್ಮ ಬ್ಯಾಂಡು ಈ ಸೀಮೆಯಲ್ಲೇ ಅತಿ ವೇಗದ್ದು. ಇಡೀ ರೆಕಾರ್ಡು ಹದಿನೆಂಟು ನಿಮಿಷ. ನಮ್ಮಲ್ಲಿ ಮುದುಕರಿಲ್ಲ. ಹಾಡುವುದು ನನ್ನ ತಂಗಿ. ಅವಳಿಗೆ ಹದಿನೆಂಟು ವರ್ಷ.

ಡೈರಿ ತೆಗೆದೆ. ನಾನು ಬರೆದುಕೊಂಡಿದ್ದ ಹೊತ್ತುಗಳನ್ನು ಕೂಡಿಸಿದರೆ ಇಪ್ಪತ್ತೈದು ನಿಮಿಷಕ್ಕೆ ಸ್ವಲ್ಪ ಹೆಚ್ಚು ಬಂತು. ಅವರ ಐದು ನಿಮಿಷ ನನಗೆ ಏಳಾಗಿತ್ತು. ಕಾಗದ ಹಿಡಿದುಕೊಂಡೇ ಅಂಗಡಿಗೆ ನಡೆದೆ.

ಭಾಯ್ ಕ್ಯಾಸೆಟ್ಟನ್ನು ದೊಡ್ಡ ಡೆಕ್ಕಿಗೆ ಹಾಕಿದ. ಈ ಸಲ ನಾವು ನಿಲ್ಲಿಸಲಿಲ್ಲ. ಮೊದಲ ದಿನದ ಅದೇ ಕಲ್ಲಿನ ಮಳೆ. ಗೊತ್ತಾದ ಮೇಲೆ ಕೇಳಿದರೆ ಹುಡುಗಿಯೇ. ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಉಸಿರು ತೆಗೆದುಕೊಳ್ಳಲು ಡ್ರಮ್ಮು ಅವಳಿಗೆ ಜಾಗವನ್ನೇ ಕೊಡುತ್ತಿರಲಿಲ್ಲ.

"ಯಾ ಅಲ್ಲಾ," ಎಂದ ಭಾಯ್, ಕೈ ಬಾಯಿಗೆ ಇಟ್ಟುಕೊಂಡು. "ಹುಡುಗೀನ ಮುದುಕನ್ನ ಮಾಡ್ಬುಟ್ನಲ್ಲೋ ನಾನು! ಆರು ವರ್ಷದಿಂದ ತಿರುಪು ತಿರುಗಿಸ್ತಿವ್ನಿ, ಒಂದ್ ಸಲಾನೂ ಇಂಗಾಗಿಲ್ಲ."

"ನೀನೇ ಹೇಳಿದ್ಯಲ್ಲ, ಮನುಷ್ಯನ ಕೈ ಇಷ್ಟ್ ಜೋರಾಗಿ ಆಡಕಿಲ್ಲ ಅಂತ."

"ಆಡ್ತದಂತಲ್ಲಪ್ಪಾ! ನಾನೇನ್ ಫಿನ್ಲೆಂಡ್ ನೋಡಿದ್ನಾ?" ಅವನು ನಗತೊಡಗಿದ, ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ನಾನು ನಗದಿದ್ದುದನ್ನು ನೋಡಿ ನಿಲ್ಲಿಸಿದ. "ಯಾಕ್ಲಾ? ದೋಸ್ತ ಬೇಜಾರಾದ್ನಾ?"

ಬೇಜಾರಾಗಿರುವುದು ನಾನು ಎಂದು ಅವನಿಗೆ ಹೇಗೆ ಹೇಳಲಿ? ಮೂರು ತಿಂಗಳು ನನ್ನ ಜೊತೆಗಿದ್ದ ಒಬ್ಬರು ಇಲ್ಲವೇ ಇಲ್ಲ ಎಂದು ಒಂದು ಸಾಲಿನಲ್ಲಿ ತಿಳಿದಿತ್ತು. ಆ ಆಲ್ಬಮ್ಮನ್ನು ನನ್ನಂತೆ ಕೇಳಿದವರು ಲೋಕದಲ್ಲಿ ಇನ್ನೊಬ್ಬರಿರಲಿಲ್ಲ. ಅದನ್ನು ಮಾಡಿದವರೂ ಕೇಳಿರಲಿಲ್ಲ.

ಪತ್ರದ ಎರಡನೇ ಹಾಳೆಯನ್ನು ಓದಿದ್ದು ಅಂಗಡಿಯಿಂದ ಬಂದ ಮೇಲೆ. ಬ್ಯಾಂಡು ಮುಗಿದಿದೆ ಎಂದು ಅವನು ಬರೆದಿದ್ದ. ಎರಡನೇ ಆಲ್ಬಮ್ ಮಾಡುವಾಗಲೇ ಅವನಿಗೂ ತಂಗಿಗೂ ಜಗಳವಾಗಿತ್ತಂತೆ. ಹಾಡಿನ ಮಾತುಗಳು ಅವಳವು. ನೀನು ಇಷ್ಟು ಓಡಿಸಿದರೆ ಒಂದು ಮಾತೂ ಕೇಳುವುದಿಲ್ಲ, ನಿಧಾನಿಸು ಎಂದು ಅವಳು ಬೇಡಿದ್ದಳು. ಇವನು ಒಪ್ಪಲಿಲ್ಲ. ರೆಕಾರ್ಡು ಸೋತ ಮೇಲೆ ಅವಳು ಬೇರೆ ಊರಿಗೆ ಕೆಲಸಕ್ಕೆ ಹೋದಳು, ಒಂದು ವರ್ಷದಿಂದ ಮಾತಿಲ್ಲ. ನನ್ನ ಪತ್ರ ಬಂದ ದಿನ ಇವನು ಅವಳಿಗೆ ಫೋನ್ ಮಾಡಿ ಅದನ್ನು ಓದಿ ಹೇಳಿದ್ದ. ಅವಳು, ಆ ಮುದುಕ ನನಗೂ ಬೇಕು ಎಂದಳಂತೆ. ಕಳಿಸಲು ಆಗುತ್ತದೆಯೇ ಎಂದು ಕೇಳಿದ್ದ.

ನನಗೆ ಹೋದ ಜೀವ ಬಂದಂತಾಯಿತು. ಅವನಿಗೆ ನನ್ನಿಂದ ಏನೋ ಬೇಕಾಗಿತ್ತು. ಬೇಕಾಗಿರುವವರೆಗೆ ಬರೆಯುತ್ತಾನೆ.

ಕೆಲಸ ಸುಲಭವಿತ್ತು. ಸಣ್ಣ ಮಿಷನ್ನಿನ ತಿರುಪು ಇನ್ನೂ ಹಾಗೇ ಇತ್ತು. ಭಾಯ್ ಒಂದು ವೈರಿನಿಂದ ಅದನ್ನು ಡೆಕ್ಕಿಗೆ ಸೇರಿಸಿ, ಮುದುಕನನ್ನು ಹೊಸ ಕ್ಯಾಸೆಟ್ಟಿಗೆ ತುಂಬಿದ. ಎಲ್ಲ ಹಾಡೂ ಒಂದೇ ಬದಿಯಲ್ಲಿ ಹಿಡಿಸಿದವು. ಕ್ಯಾಸೆಟ್ ಎತ್ತಿಕೊಳ್ಳಲು ಹೋದಾಗ ಅವನು ಕೈ ಅಡ್ಡ ಇಟ್ಟ.

"ಆ ಕಡೆ ಖಾಲಿ ಐತೆ."

"ಇರ್ಲಿ ಬುಡು ಭಾಯ್."

"ಇರ್ಲಿ ಅಂದ್ರೆ? ನನ್ ಅಂಗಡೀಲಿ ಖಾಲಿ ಬಿಟ್ಟು ಯಾರಿಗೂ ಕೊಟ್ಟಿಲ್ಲ. ಎರಡು ನಿಮಿಷ ಉಳುದ್ರೂ ಒಂದು ಹಾಡು ಹಾಕಿ ಕೊಡ್ತೀನಿ. ಖಾಲಿ ಕ್ಯಾಸೆಟ್ ಕೊಡೋದು, ಖಾಲಿ ಸೇರು ಕೊಡೋದು ಒಂದೇ. ನೀನೇ ಏನಾದ್ರೂ ತುಂಬು."

ಏನು ತುಂಬಬೇಕೆಂದು ಆಗಲೇ ನನಗೆ ಹೊಳೆದಿತ್ತು. ನಿಜವಾದ ಮುದುಕನನ್ನೇ ಕಳಿಸಬೇಕು. ಭಾಯ್ ಬೇರೆ ಒಂದು ಮಿಷನ್ ಕೊಟ್ಟ, ಹೊಸ ಸೆಲ್ಲುಗಳನ್ನು ತನ್ನ ಕೈಯಿಂದಲೇ ಹಾಕಿದ. "ವೀಕ್ ಸೆಲ್ಲಾಗೆ ಹಿಡ್ಕಂಡ್ ಬಂದೀಯ, ನಿಮ್ ತಾತ ಹುಡುಗಿ ಆಗ್ತಾನೆ," ಎಂದ.

ನವೆಂಬರಿನಲ್ಲಿ ಬಲಸಮುದ್ರಕ್ಕೆ ಹೋದೆ. ತಾತನಿಗೆ ಆಗ ಎಂಬತ್ತರ ಹತ್ತಿರ, ಮಾತು ಅರ್ಧ ತೆಲುಗು ಅರ್ಧ ಕನ್ನಡ. ಕುರಿ ಮೇಯಿಸಲು ಹೋಗುವುದನ್ನು ಬಿಟ್ಟಿದ್ದ, ಸಂಜೆಯ ಎಣಿಕೆ ಮಾತ್ರ ಇನ್ನೂ ಅವನದೇ. ಹಟ್ಟಿಯ ಬಾಗಿಲಲ್ಲಿ ಕೋಲು ಹಿಡಿದು ಕೂತಿದ್ದವನ ಮುಂದೆ ಮಿಷನ್ ಇಟ್ಟೆ.

"ಏಂರಾ ಇದಿ? ಈ ಪೆಟ್ಟಿಗೇಲಿ ಏನೈತೆ?"

"ನಿನ್ ದನಿ ಹಿಡಿಯೋದು ತಾತ. ಕುರಿ ಕರೀತೀಯಲ್ಲ, ಅಂಗೆ ಒಂದು ಸಲ ಕರಿ."

ತಾತ ಹಟ್ಟಿಯ ಒಳಗೆ ನೋಡಿದ. "ಯಾವುದನ್ನ ಕರೀಲಿ? ಅನ್ನೀ ಬಂದವೆ ಕದಾ, ಒಂದೂ ತಪ್ಪಿಲ್ಲ."

"ಸುಮ್ನೆ ಕರಿ. ಆಟಕ್ಕೆ."

"ವದ್ದುರಾ ನಾಯನಾ, ಬ್ಯಾಡ. ಎಲ್ಲಾ ಒಳಗಿದ್ದಾಗ ಕರೆದ್ರೆ, ಇರೋದೇ ತಪ್ಪಿಸ್ಕಂತದೆ. ನಮ್ ತಾತನೂ ಕರೀತಿರ್ಲಿಲ್ಲ, ನಾನೂ ಕರೆಯಾಕಿಲ್ಲ."

ಅಪ್ಪ ಹೇಳಿ ನೋಡಿದರು, ಅವ್ವ ಹೇಳಿ ನೋಡಿದಳು. "ಫಾರಿನ್ನೋರು ಕೇಳ್ತಾರಂತೆ ಮಾವ," ಎಂದಳು. "ಕೇಳ್ಲಿ. ಅವರ ಕುರಿ ತಪ್ಪಿದ್ರೆ ಅವರೇ ಕರ್ಕಂತಾರೆ," ಎಂದ ತಾತ. ಅಲ್ಲಿಗೆ ಮಾತು ಮುಗಿಯಿತು.

ಒಂದು ಕುರಿಯಾದರೂ ತಪ್ಪೀತೆಂದು ಮೂರು ಸಂಜೆ ಕಾದೆ. ಪ್ರತಿ ಸಂಜೆ ಲೆಕ್ಕ ಸರಿಯಾಗಿ ಬಂತು. ಮೂರನೆಯ ದಿನ ತಾತ ಕೊನೆಯ ಮರಿಯನ್ನು ಒಳಗೆ ಬಿಟ್ಟು ಕೋಲು ಕೆಳಗಿಟ್ಟಾಗ ನನಗೆ ಅಳು ಬರುವಷ್ಟು ನಿರಾಸೆಯಾಯಿತು. ಮನೆಯವರೆಲ್ಲ ಸಮಾಧಾನದಿಂದಿದ್ದರು, ನಾನೊಬ್ಬ ಕಷ್ಟ ಬರಲೆಂದು ಕಾಯುತ್ತಿದ್ದೆ. ಹುಟ್ಟಿದ ಮನೆಯಲ್ಲೇ ನೆಂಟನ ಹಾಗೆ ಒಂದು ಪಕ್ಕದಲ್ಲಿ ಕೂತಿದ್ದೆ.

ನಾಲ್ಕನೆಯ ಸಂಜೆ ಅದನ್ನು ಕೈಬಿಟ್ಟೆ. ಕರೆ ಸಿಗದಿದ್ದರೆ ಎಣಿಕೆಯಾದರೂ ಇರಲೆಂದು ಗುಂಡಿ ಒತ್ತಿದೆ. ಕುರಿಗಳು ಬಂದವು. ಗಂಟೆಗಳ ಸದ್ದು, ಮರಿಗಳ ಕೂಗು, ನಾಯಿಯನ್ನು ಅಪ್ಪ ಗದರುವುದು, ಅದರ ನಡುವೆ ತಾತ ಒಂದೊಂದರ ಬೆನ್ನಿಗೂ ಕೋಲು ಮುಟ್ಟಿಸಿ, ಒಕಟಿ, ರೆಂಡು, ಮೂಡು ಎಂದು ತೆಲುಗಿನಲ್ಲಿ ಎಣಿಸುವುದು. ನಮ್ಮ ಮನೆಯಲ್ಲಿ ಮಾತು ಯಾವುದೇ ಇರಲಿ, ಕುರಿಯ ಲೆಕ್ಕ ಮಾತ್ರ ತೆಲುಗಿನಲ್ಲೇ. ಆಮೇಲೆ ತಾತ "ಸರಿಪೋಯಿಂದಿ" ಎಂದ. ಲೆಕ್ಕ ಸರಿಹೋಯಿತು ಎಂದು ಅರ್ಥ. ಅದೇ ಕ್ಯಾಸೆಟ್ಟಿನ ಕೊನೆಯ ಮಾತು.

ಡಿಸೆಂಬರ್ ಮೊದಲ ವಾರ ಪೊಟ್ಟಣ ಕಳಿಸಿದೆ. ಜೊತೆಯ ಪತ್ರದಲ್ಲಿ ತಿರುಪಿನ ಕತೆಯನ್ನೂ, ಕರೆಯಲು ಒಪ್ಪದ ತಾತನ ಕತೆಯನ್ನೂ ಬರೆದೆ. ನಾನು ಬರೆದ ಪತ್ರಗಳಲ್ಲೇ ಅದು ದೊಡ್ಡದು. ಕಳಿಸಿದ ಮೇಲೆ ನಾಲ್ಕೈದು ವಾರ ಲಘುವಾಗಿದ್ದೆ. ಇಂಥದ್ದನ್ನು ಪಡೆದವನು ಉತ್ತರ ಬರೆಯದೆ ಇರಲಾರ ಎಂದು ನನಗೆ ಖಾತರಿಯಿತ್ತು.

ಫೆಬ್ರವರಿಯಲ್ಲಿ ಒಂದು ಕಾರ್ಡು ಬಂತು. ಮುಂಭಾಗದಲ್ಲಿ ಹಿಮ ಮುಚ್ಚಿದ ಕೆರೆಯ ಚಿತ್ರ. ಕೈಬರಹ ಅವನದಲ್ಲ. ಅವನ ತಂಗಿ ಬರೆದಿದ್ದಳು: ಕ್ಯಾಸೆಟ್ ತಲುಪಿತು. ಅಣ್ಣ ಅದನ್ನು ಹಿಡಿದುಕೊಂಡು ಬಸ್ಸಿನಲ್ಲಿ ನನ್ನ ಮನೆಗೆ ಬಂದ. ಅಡುಗೆಮನೆಯಲ್ಲಿ ಕೂತು ಇಬ್ಬರೂ ಎರಡೂ ಬದಿ ಕೇಳಿದೆವು. ನನ್ನ ಮಾತುಗಳು ನನಗೇ ಮೊದಲ ಸಲ ಕೇಳಿಸಿದವು. ಇನ್ನೊಂದು ಬದಿಯ ಅಜ್ಜನಿಗೂ ನಮ್ಮ ವಂದನೆ. ಅಣ್ಣ ನಿನಗೆ ಬರೆಯುತ್ತಾನಂತೆ.

ಅವನು ಬರೆಯಲಿಲ್ಲ. ಮಾರ್ಚಿನಲ್ಲಿ ಒಂದು ಪತ್ರ ಹಾಕಿದೆ, ಮೇ ತಿಂಗಳಲ್ಲಿ ಒಂದು, ಮಳೆಗಾಲದಲ್ಲಿ ಇನ್ನೊಂದು. ಪೊಟ್ಟಣ ಕಳೆದುಹೋಗಿದ್ದರೆ ದೂರಬಹುದಿತ್ತು, ಅದು ತಲುಪಿತ್ತು. ಕೋಪ ಬಂದಿದ್ದರೆ ಕ್ಷಮೆ ಕೇಳಬಹುದಿತ್ತು, ಕೋಪವೂ ಇರಲಿಲ್ಲ. ಏನು ತಪ್ಪಾಯಿತೆಂದು ಹುಡುಕಲು ಒಂದು ಮಧ್ಯಾಹ್ನ ಅವನ ಹಳೆಯ ಪತ್ರಗಳನ್ನೆಲ್ಲ ಹೊರತೆಗೆದು, ಮೇಲಿನ ತಾರೀಕುಗಳನ್ನು ಹಳೆಯ ಕ್ಯಾಲೆಂಡರಿನ ಜೊತೆ ಹೋಲಿಸಿದೆ. ಎಲ್ಲವೂ ಭಾನುವಾರ ಬರೆದವು. ಒಂದೂ ಬೇರೆ ವಾರದ್ದಿರಲಿಲ್ಲ. ಮಿಲ್ಲಿಗೆ ರಜೆ, ಊರಿನಲ್ಲಿ ಮಾತಾಡಲು ಯಾರೂ ಇಲ್ಲ, ಮೂರು ಗಂಟೆಗೆ ಕತ್ತಲು. ಆಗ ಅವನು ನನಗೆ ಬರೆಯುತ್ತಿದ್ದ. ತಂಗಿಯ ಕಾರ್ಡಿನ ತಾರೀಕನ್ನೂ ನೋಡಿದೆ. ಅದೂ ಭಾನುವಾರ. ಅವನ ಭಾನುವಾರಗಳಿಗೆ ಈಗ ತಂಗಿಯ ಅಡುಗೆಮನೆಯಿತ್ತು.

ಪತ್ರಗಳನ್ನು ಮತ್ತೆ ಕಟ್ಟಿ ಟ್ರಂಕಿನಲ್ಲಿಟ್ಟೆ. ನಾಲ್ಕನೇ ಪತ್ರ ಬರೆಯಲು ಕೊಂಡಿದ್ದ ಏರ್ ಮೇಲ್ ಹಾಳೆಯನ್ನೂ ಅದರ ಜೊತೆಗೇ ಇಟ್ಟೆ.

ಇದನ್ನು ಬರೆಯುತ್ತಿರುವ ಈ ವಾರ ಪೋಸ್ಟ್‌ಮ್ಯಾನ್ ಬಂದು ಭಾವನ ಒಂದು ಕವರು ಕೊಟ್ಟುಹೋದ. ಅಕ್ಕ ಅದನ್ನು ತಿರುಗಿಸಿ ನೋಡಿ, ಗೂಡಿನಲ್ಲಿಟ್ಟು, ಅಕ್ಕಿ ಆರಿಸುತ್ತಾ ಕೇಳಿದಳು:

"ಯಾಕ್ಲಾ, ನಿನ್ ಫಾರಿನ್ ಕಾಗದ ಬಂದೇ ಇಲ್ವಲ್ಲ ಈಚೆಗೆ? ಏನಾರಾ ತೊಂದರೇನಾ ಅವರಿಗೆ?"

"ತೊಂದರೆ ಇಲ್ಲ ಕಣಕ್ಕ," ಎಂದೆ. "ಅವರ ಮನೇಲಿ ಎಲ್ಲಾ ಚೆನ್ನಾಗವ್ರೆ."